ಅರಣ್ಯ ವರದಿಯಲ್ಲಿ ಹಸಿರು ಏರಿದೆ, ಕಾನು ಉಳಿದಿದೆಯೇ? ಪಂಚಾಯ್ತಿ ಮಟ್ಟದಲ್ಲಿ ಅಳೆಯುವುದು ಹೇಗೆ?

ಕೊಡಸಿಗ (ಪ್ರಶ್ನೆ)

ಸಿದ್ದಾಪುರ–ಸೊರಬ ಗಡಿಭಾಗದ ಒಂದು ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ತನ್ನ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಪರಿಷ್ಕರಿಸುತ್ತಿದೆ. ಹಳೆಯ ದಾಖಲಾತಿಯಲ್ಲಿ ಮರ, ಬಳ್ಳಿ, ಮೀನು, ಹಕ್ಕಿಗಳ ಹೆಸರಿನ ಪಟ್ಟಿ ಬಿಟ್ಟರೆ ಬೇರೇನಿಲ್ಲ. ಈ ಸಲ 20 ವರ್ಷಗಳಲ್ಲಿ ಕಾಡು ಎಷ್ಟು ಬದಲಾಯಿತು, ಅದರಿಂದ ಜೀವಿಗಳಿಗೆ ಏನಾಯಿತು ಎಂಬ ಅಧ್ಯಾಯವೂ ಬೇಕಾಗಿದೆ.

ತೊಡಕು ಏನೆಂದರೆ, ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಗಳಲ್ಲಿ ಅರಣ್ಯ ಹೊದಿಕೆ ಏರುತ್ತಲೇ ಇದೆ. ಊರಿನವರು ಹೇಳುವುದು ಬೇರೆ: ಕಾನು (ನಿತ್ಯಹರಿದ್ವರ್ಣದ ದಟ್ಟ ಕಾಡು) ತೆಳುವಾಗಿದೆ, ತೋಟ ಮತ್ತು ಅಕೇಶಿಯಾ ಹೆಚ್ಚಿದೆ, ರಾಂಪತ್ರೆ (ಜಾಯಿಕಾಯಿ ಜಾತಿಯ ಕಾಡುಮರದ ಮಸಾಲೆ) ಸಿಗುವುದಿಲ್ಲ. ಎರಡೂ ನಿಜವಿರಬಹುದೇ? ವರದಿಗಳ ಅಂಕಿ ಕಳೆದು ವ್ಯತ್ಯಾಸ ತೋರಿಸಿದರೆ ಸಾಕೇ, ಅಥವಾ ಉಪಗ್ರಹ ಚಿತ್ರ ತೆಗೆದು ನಾವೇ ಮಾಡಬೇಕೇ? ಅಡಿಕೆ, ಅಕೇಶಿಯಾ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಬೆಟ್ಟ), ಕಾನು ಇವನ್ನು ಚಿತ್ರದಲ್ಲಿ ಬೇರ್ಪಡಿಸುವ ಬಗೆ ಯಾವುದು? ಕೈಯಲ್ಲಿರುವುದು ಒಂದು ಲ್ಯಾಪ್‌ಟಾಪ್, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ, ಮರ ಗುರುತಿಸಬಲ್ಲ ಇಬ್ಬರು ಹಿರಿಯರು, ನಾಲ್ಕು ಮಂದಿ ಹುಡುಗರು. ಪಂಚಾಯ್ತಿಯ ವಿಸ್ತೀರ್ಣ ಸುಮಾರು 6,000 ಹೆಕ್ಟೇರ್.

ನಕ್ಷೆಗಾರ

ಎರಡೂ ನಿಜವಿರಬಹುದು. ಯಾಕೆಂದರೆ ವರದಿ ಅಳೆಯುವುದು ಮರದ ನೆತ್ತಿಯನ್ನು, ಕಾಡನ್ನಲ್ಲ. ಅದರ ವ್ಯಾಖ್ಯೆ ಇಷ್ಟೇ: 1 ಹೆಕ್ಟೇರ್ ಅಥವಾ ಹೆಚ್ಚು ಜಾಗ, ಶೇ 10 ಅಥವಾ ಹೆಚ್ಚು ನೆತ್ತಿಯ ಸಾಂದ್ರತೆ. ಒಡೆತನ ಯಾರದ್ದು, ಕಾನೂನಿನಲ್ಲಿ ಅರಣ್ಯವೇ ಅಲ್ಲವೇ, ಮರದ ಜಾತಿ ಯಾವುದು ಎಂಬ ಯಾವ ಪ್ರಶ್ನೆಯೂ ಇಲ್ಲ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರಗಳು ಎಲ್ಲವೂ ಸೇರುತ್ತವೆ. ಒಂದು ಎಕರೆ ಕಾನು ಹೋಗಿ ಒಂದು ಎಕರೆ ತೋಟ ಎದ್ದರೆ ಆ ಲೆಕ್ಕದಲ್ಲಿ ಏನೂ ಆಗಿಲ್ಲ.

ಅಂಕಿ ಕಳೆಯುವುದನ್ನು ಮೊದಲೇ ಬಿಟ್ಟುಬಿಡಿ. 1999ರ ವರದಿಯಲ್ಲಿ ದೇಶದ ಅರಣ್ಯ ಹೊದಿಕೆ 6,37,293 ಚದರ ಕಿ.ಮೀ, 2001ರಲ್ಲಿ 6,75,538. ಎರಡು ವರ್ಷದಲ್ಲಿ 38,245 ಚದರ ಕಿ.ಮೀ, ಅಂದರೆ ಹೆಚ್ಚೂಕಡಿಮೆ ಇಡೀ ಕರ್ನಾಟಕದ ಅರಣ್ಯ ಹೊದಿಕೆಯಷ್ಟು, ಹೊಸದಾಗಿ ಹುಟ್ಟಿಬಿಟ್ಟಿತೇ? ಹುಟ್ಟಲಿಲ್ಲ. ಇಡೀ ದೇಶಕ್ಕೆ ಡಿಜಿಟಲ್ ವಿಧಾನ ಬಂತು, ನಕ್ಷೆಯ ಪ್ರಮಾಣ 1:2,50,000ದಿಂದ 1:50,000ಕ್ಕೆ ಬಂತು, ಗುರುತಿಸಬಲ್ಲ ಕನಿಷ್ಠ ತುಂಡು 25 ಹೆಕ್ಟೇರ್‌ನಿಂದ 1 ಹೆಕ್ಟೇರ್‌ಗೆ ಇಳಿಯಿತು. ಮೊದಲು ಕಾಣದಿದ್ದ ಸಣ್ಣ ತುಂಡುಗಳು ಕಂಡವು.

ಇದು ಹಳೆಯ ಕಥೆ ಎಂದುಕೊಳ್ಳಬೇಡಿ. 2021ರ ವರದಿಯಲ್ಲಿ ಅರಣ್ಯ ಹೊದಿಕೆ ಮತ್ತು ಮರ ಹೊದಿಕೆ (ಅರಣ್ಯ ಹೊದಿಕೆಯ ಹೊರಗಿನ, 1 ಹೆಕ್ಟೇರ್‌ಗಿಂತ ಸಣ್ಣ ಮರಗುಂಪುಗಳು) ಸೇರಿ 8,09,537 ಚದರ ಕಿ.ಮೀ; 2023ರದ್ದರಲ್ಲಿ 8,27,357. ನೇರ ಕಳೆದರೆ 17,820 ಬರುತ್ತದೆ. ಆದರೆ 2023ರ ವರದಿಯೇ ಹೇಳುವ ಹೆಚ್ಚಳ 1,445 ಚದರ ಕಿ.ಮೀ ಮಾತ್ರ, ಅದರಲ್ಲೂ 1,289 'ಮರ ಹೊದಿಕೆ', ಅರಣ್ಯ ಹೊದಿಕೆಯ ಪಾಲು 156. ಹಿಂದಿನ ಅವಧಿಯ ಅಂಕಿಯನ್ನು ಪರಿಷ್ಕರಿಸಿ ಹೋಲಿಸಿದ್ದರಿಂದ ಈ ಅಂತರ. ಎರಡು ಪುಸ್ತಕ ಪಕ್ಕದಲ್ಲಿಟ್ಟು ಕಳೆಯುವವರು ಹನ್ನೆರಡು ಪಟ್ಟು ತಪ್ಪುತ್ತಾರೆ.

ವರದಿಯಲ್ಲಿ ಉಪಯೋಗಕ್ಕೆ ಬರುವ ಭಾಗ ಬದಲಾವಣೆಯ ಕೋಷ್ಟಕ. ಅತಿ ದಟ್ಟ (ಶೇ 70 ಮತ್ತು ಮೇಲೆ), ಮಧ್ಯಮ ದಟ್ಟ (40–70), ತೆರೆದ (10–40), ಕುರುಚಲು, ಅರಣ್ಯವಲ್ಲದ್ದು: ಯಾವ ವರ್ಗದಿಂದ ಯಾವುದಕ್ಕೆ ಎಷ್ಟು ಹೋಯಿತು ಎಂಬುದು ಅಲ್ಲಿರುತ್ತದೆ. ನಿವ್ವಳ ಅಂಕಿ ನೋಡದೆ ಅದನ್ನು ಓದಿ. 2021ರ ವರದಿಯ ಪ್ರಕಾರ ಕರ್ನಾಟಕದ 38,730 ಚದರ ಕಿ.ಮೀ ಹೊದಿಕೆಯಲ್ಲಿ ಅತಿ ದಟ್ಟ ವರ್ಗ 4,533 ಮಾತ್ರ, ತೆರೆದದ್ದು 13,212. ದಟ್ಟ ವರ್ಗದಿಂದ ಹೋದ 10 ಚದರ ಕಿ.ಮೀಗೂ ತೆರೆದ ವರ್ಗಕ್ಕೆ ಬಂದ 10ಕ್ಕೂ ಕಳೆದು-ಕೂಡಿ ಸೊನ್ನೆ ಬರೆದರೆ ಜೀವವೈವಿಧ್ಯದ ದೃಷ್ಟಿಯಲ್ಲಿ ಆ ಸೊನ್ನೆಗೆ ಅರ್ಥವಿಲ್ಲ.

ಆದರೂ ಇದು ರಾಜ್ಯ, ಜಿಲ್ಲೆಗಳ ಚಿತ್ರ. ಒಂದು ಚುಕ್ಕೆ 23.5 ಮೀಟರ್ ಇರುವ ಉಪಗ್ರಹ ಬಿಂಬದಿಂದ ಬಂದ ಜಿಲ್ಲಾ ಅಂಕಿಯನ್ನು 6,000 ಹೆಕ್ಟೇರ್‌ಗೆ ಇಳಿಸಬೇಡಿ. ನಿಮ್ಮದನ್ನು ನೀವೇ ಅಳೆಯಬೇಕು.

ಹೊಳೆಗೇರು

ಉಪಗ್ರಹದ ಭಾಗಕ್ಕೆ ನಾನು ಉತ್ತರಿಸುತ್ತೇನೆ.

2005ರ ಸುಮಾರಿಗೆ ಲ್ಯಾಂಡ್‌ಸ್ಯಾಟ್ 5 ಉಪಗ್ರಹದ ಚಿತ್ರ ಬಳಸಿ, ಅದರ ಒಂದು ಚುಕ್ಕೆ 30 ಮೀಟರ್. ಲ್ಯಾಂಡ್‌ಸ್ಯಾಟ್ 7 ಬೇಡ. 2003ರ ಮೇ 31ರಂದು ಅದರ ಸ್ಕ್ಯಾನ್ ಸರಿಪಡಿಸುವ ಭಾಗ ಕೆಟ್ಟಿದ್ದರಿಂದ ಆಮೇಲಿನ ಪ್ರತಿ ಚಿತ್ರದಲ್ಲೂ ಪಟ್ಟೆ ಪಟ್ಟೆಯಾಗಿ ಸುಮಾರು ಶೇ 22 ಭಾಗ ಖಾಲಿ. ಈಗಿನದಕ್ಕೆ ಲ್ಯಾಂಡ್‌ಸ್ಯಾಟ್ 8 ಅಥವಾ 9. ಸೆಂಟಿನೆಲ್-2 ಹತ್ತು ಮೀಟರಿನದು, ಕಣ್ಣಿಗೆ ಚೆಂದ, ಆದರೆ 2015ಕ್ಕಿಂತ ಹಿಂದೆ ಇಲ್ಲ. ಒಂದು ತುದಿಗೆ 30 ಮೀಟರ್, ಇನ್ನೊಂದು ತುದಿಗೆ 10 ಮೀಟರ್ ಇಟ್ಟರೆ ಹೊಸ ಚಿತ್ರದಲ್ಲಿ ಕಾಣುವ ಸಣ್ಣ ಬಯಲೆಲ್ಲ 'ನಾಶ'ವಾಗಿ, ಸಣ್ಣ ಮರಗುಂಪೆಲ್ಲ 'ಹೆಚ್ಚಳ'ವಾಗಿ ಕಾಣುತ್ತದೆ. ಎರಡು ಕಡೆಯೂ 30 ಮೀಟರ್ ಇರಲಿ. ಸೆಂಟಿನೆಲ್ ಅನ್ನು ಗುರುತು ಖಚಿತಪಡಿಸಿಕೊಳ್ಳಲು ಮಾತ್ರ ಇಟ್ಟುಕೊಳ್ಳಿ.

ತಿಂಗಳು ಮುಖ್ಯ. ಮಲೆನಾಡಿನಲ್ಲಿ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮೋಡ ಕಡಿಮೆ, ಮತ್ತಿ, ನಂದಿ, ಹೊನ್ನೆ ಎಲೆ ಪೂರ್ತಿ ಉದುರಿಸಿರುವುದಿಲ್ಲ. ಒಂದು ವರ್ಷದ್ದು ಜನವರಿ, ಇನ್ನೊಂದರದ್ದು ಮಾರ್ಚ್ ಇಟ್ಟರೆ ಎಲೆಯುದುರು ಕಾಡು ಇಡೀ ಕಡಿದ ಹಾಗೆ ಕಾಣುತ್ತದೆ. ಹಾಗೆಯೇ ಎರಡನೆಯ ಸುತ್ತಿನ ಚಿತ್ರವನ್ನು ಮಾರ್ಚ್‌ನದ್ದೇ ಬೇಕೆಂದು ತೆಗೆಯಿರಿ, ಆದರೆ ಎರಡೂ ವರ್ಷಕ್ಕೆ. ಜನವರಿಯಲ್ಲೂ ಮಾರ್ಚ್‌ನಲ್ಲೂ ಹಸಿರಾಗಿರುವುದು ನಿತ್ಯಹರಿದ್ವರ್ಣ, ಅಡಿಕೆ ಅಥವಾ ಅಕೇಶಿಯಾ. ಮಾರ್ಚ್‌ನಲ್ಲಿ ಕಂದಾಗುವುದು ಎಲೆಯುದುರು ಕಾಡು ಮತ್ತು ಸಾಗುವಾನಿ. ರಬ್ಬರ್ ಇರುವ ಕಡೆ, ಅಂದರೆ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ, ಅದು ಚಳಿಗಾಲದ ಕೊನೆಗೆ ಒಮ್ಮೆಲೇ ಎಲೆ ಉದುರಿಸಿ ಮಾರ್ಚ್ ಹೊತ್ತಿಗೆ ಮತ್ತೆ ಚಿಗುರುತ್ತದೆ. ಅದೇ ಅದರ ಗುರುತು.

ಹಸಿರು ಸೂಚ್ಯಂಕವೊಂದನ್ನೇ ನಂಬಿದರೆ ಕಷ್ಟ. ದಟ್ಟ ನೆತ್ತಿಯಲ್ಲಿ ಎನ್‌ಡಿವಿಐ ಎಂಬ ಆ ಸೂಚ್ಯಂಕ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತದೆ. 40 ಮೀಟರಿನ ಕಾನಿಗೂ 12 ಮೀಟರಿನ ಅಕೇಶಿಯಾಗೂ ಅದು ಒಂದೇ ಅಂಕ ಕೊಡುತ್ತದೆ. ಚಿತ್ರದ ಕಿರು ಅವಕೆಂಪು (ಶಾರ್ಟ್‌ವೇವ್ ಇನ್‌ಫ್ರಾರೆಡ್) ಪಟ್ಟಿ ಇದಕ್ಕಿಂತ ಒಳ್ಳೆಯದು, ಯಾಕೆಂದರೆ ಏರುಪೇರಾದ ನೆತ್ತಿಯ ಒಳನೆರಳು ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಒಂದೇ ವಯಸ್ಸಿನ ನೆಡುತೋಪಿನ ನೆತ್ತಿ ಸಪಾಟು, ನೆರಳು ಕಡಿಮೆ.

ಸಿದ್ಧ ನಕ್ಷೆ ಬೇಕೆಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಅರಣ್ಯ ಬದಲಾವಣೆ ದತ್ತಾಂಶ ಇದೆ, 2000ದಿಂದ ಪ್ರತಿವರ್ಷದ ನಷ್ಟದ ಪದರ ಸಿಗುತ್ತದೆ. ಮೂರು ಎಚ್ಚರಿಕೆ. ಅದರಲ್ಲಿ 'ಮರ' ಎಂದರೆ 5 ಮೀಟರ್‌ಗಿಂತ ಎತ್ತರದ ಗಿಡ. ಬಲಿತ ಅಡಿಕೆಯೂ ಮರವೇ. 'ನಷ್ಟ' ಎಂದರೆ ಅಲ್ಲಿನ ಮರಗಳೆಲ್ಲ ಹೋದದ್ದು. ಅಕೇಶಿಯಾ ಕಟಾವೂ ನಷ್ಟವೇ, ಕಾನಿನೊಳಗೆ ಆಯ್ದು ಕಡಿದದ್ದು ಕಾಣುವುದೇ ಇಲ್ಲ. ಮತ್ತು ಲೆಕ್ಕದ ವಿಧಾನ 2011ರ ನಂತರವೂ 2015ರ ನಂತರವೂ ಸುಧಾರಿಸಿದ್ದರಿಂದ ಹಳೆಯ ವರ್ಷಗಳಿಗಿಂತ ಈಚಿನ ವರ್ಷಗಳಲ್ಲಿ ನಷ್ಟ ಹೆಚ್ಚು ಹಿಡಿಯುತ್ತದೆ. ಆ ಗ್ರಾಫ್ ಏರಿದೆ ಎಂದು ನಾಶ ಏರಿದೆ ಎನ್ನಲಾಗದು. ಹೆಚ್ಚಳದ ಪದರವಂತೂ 2012ಕ್ಕೆ ನಿಂತಿದೆ.

ಸುಳ್ಳು ನಷ್ಟ ತೋರಿಸುವ ಎರಡು ಸಂಗತಿ ನಿಮ್ಮ ಕಡೆ ಖಂಡಿತ ಸಿಗುತ್ತವೆ. ಬಿದಿರು ಹೂಬಿಟ್ಟು ಸಾಮೂಹಿಕವಾಗಿ ಒಣಗಿದ ಜಾಗ, ಮತ್ತು ಸೊಪ್ಪು ಕಡಿದ ಬೆಟ್ಟ. ಬೆಟ್ಟದ ಮರಗಳ ಟೊಂಗೆ ಕಡಿದ ವರ್ಷ ಮಧ್ಯಮ ದಟ್ಟದಿಂದ ತೆರೆದದ್ದಕ್ಕೆ ಇಳಿದಂತೆ ಕಾಣುತ್ತದೆ, ಎರಡು ವರ್ಷ ಬಿಟ್ಟರೆ 'ಚೇತರಿಕೆ'. ಎರಡೂ ನಿಜವಾದ ಬದಲಾವಣೆಯಲ್ಲ. ಹಾಗಾಗಿ ಪ್ರತಿ ತುದಿಗೂ ಒಂದೇ ವರ್ಷ ಇಡದೆ ಮೂರು ವರ್ಷಗಳ ಜನವರಿ ಚಿತ್ರಗಳ ಮಧ್ಯಾಂಕ (ಮೀಡಿಯನ್) ತೆಗೆಯಿರಿ. ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ ಇದು ಹತ್ತು ಸಾಲಿನ ಕೆಲಸ.

ನಕ್ಷೆಗಾರ

ಹೊಳೆಗೇರು ಅವರ ಮಾತಿಗೆ ಸೇರಿಸಬೇಕಾದ್ದು ಒಂದು: ಎರಡು ನಕ್ಷೆ ಮಾಡಿ ಒಂದರಿಂದ ಇನ್ನೊಂದನ್ನು ಕಳೆಯಬೇಡಿ. ಪ್ರತಿಯೊಂದೂ ಶೇ 85 ಸರಿಯಿದ್ದರೆ, ಎರಡೂ ಸರಿಯಿರುವ ಬಿಂಬಚುಕ್ಕೆ (ಪಿಕ್ಸೆಲ್) 0.85 × 0.85, ಅಂದರೆ ಶೇ 72. ಉಳಿದ 28ರಲ್ಲಿ ಎಲ್ಲಿ ಬೇಕಾದರೂ ಇಲ್ಲದ ಬದಲಾವಣೆ ಹುಟ್ಟಬಹುದು. ನಿಜವಾದ ಬದಲಾವಣೆ ಶೇ 3–4 ಇರುವಲ್ಲಿ ಆ ನಕ್ಷೆಯಿಂದ ಏನು ತಿಳಿಯುತ್ತದೆ?

ನಕ್ಷೆಯ ಬಣ್ಣ ಎಣಿಸಿ ಹೆಕ್ಟೇರ್ ಹೇಳುವುದೂ ಅದೇ ಜಾತಿಯ ತಪ್ಪು. ಲೆಕ್ಕ ನೋಡಿ. ಒಂದು ತಾಲೂಕಿನ 50,000 ಹೆಕ್ಟೇರ್ ಕಾಡಿನಲ್ಲಿ ನಕ್ಷೆ 500 ಹೆಕ್ಟೇರ್ ನಷ್ಟ ತೋರಿಸಿತು ಎಂದಿಟ್ಟುಕೊಳ್ಳಿ. ನಷ್ಟ ಎಂದ ಜಾಗದಲ್ಲಿ 100 ಬಿಂದು ಪರೀಕ್ಷಿಸಿದಾಗ 80 ನಿಜ. ಬದಲಾಗಿಲ್ಲ ಎಂದ 49,500 ಹೆಕ್ಟೇರ್‌ನಲ್ಲಿ 400 ಬಿಂದು ನೋಡಿದಾಗ 4 ಕಡೆ ವಾಸ್ತವದಲ್ಲಿ ನಷ್ಟ. ಈಗ ಅಂದಾಜು: 500ರ ಶೇ 80 ಎಂದರೆ 400, 49,500ರ ಶೇ 1 ಎಂದರೆ 495, ಒಟ್ಟು 895 ಹೆಕ್ಟೇರ್. ಶೇ 95 ಭರವಸೆಯ ಅಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ಹರವು, ಆಚೀಚೆ ಸುಮಾರು 485. ನಕ್ಷೆ ಹೇಳಿದ 500 ಆ ಅಂತರದೊಳಗೇ ಇದೆ, 1,300 ಕೂಡ ಇದೆ. ಅಂದರೆ ಈ ನಕ್ಷೆಯಿಂದ ಹೇಳಬಹುದಾದ್ದು 'ನಷ್ಟ ಇದೆ, ಕೆಲವು ನೂರರಿಂದ ಸಾವಿರ ಚಿಲ್ಲರೆ ಹೆಕ್ಟೇರ್' ಎಂದಷ್ಟೇ. ದೊಡ್ಡ ವರ್ಗದಲ್ಲಿ ತಪ್ಪಿದ ನಾಲ್ಕೇ ನಾಲ್ಕು ಬಿಂದು ಇಷ್ಟು ಕೆಲಸ ಮಾಡುತ್ತವೆ.

ನಿಮ್ಮ 6,000 ಹೆಕ್ಟೇರ್‌ಗೆ ನನ್ನ ಸಲಹೆ ನಕ್ಷೆಯನ್ನೇ ಬಿಡುವುದು. ಕ್ಯೂಜಿಐಎಸ್‌ನಲ್ಲಿ ಪಂಚಾಯ್ತಿಯ ಗಡಿಯೊಳಗೆ 500 ಯಾದೃಚ್ಛಿಕ ಬಿಂದು ಹಾಕಿ. ಪ್ರತಿ ಬಿಂದುವಿಗೂ ಎರಡು ಕಾಲದ ಚಿತ್ರ ತೆರೆದು, ಕಣ್ಣಲ್ಲೇ ನೋಡಿ ವರ್ಗ ಬರೆಯಿರಿ: ಕಾನು, ಎಲೆಯುದುರು ಕಾಡು, ಸೊಪ್ಪಿನಬೆಟ್ಟ, ಅಡಿಕೆ, ನೆಡುತೋಪು, ಬೇಣ (ಹುಲ್ಲುಬಯಲು), ಗದ್ದೆ-ಮನೆ-ನೀರು. ಗೂಗಲ್ ಅರ್ತ್ ಪ್ರೋದ ಹಳೆಯ ಚಿತ್ರಗಳು ಸಿಗುವಷ್ಟು ಬಳಸಿ, ಇಲ್ಲದ ಕಡೆ ಲ್ಯಾಂಡ್‌ಸ್ಯಾಟ್. ಇಬ್ಬರು ಒಬ್ಬರನ್ನೊಬ್ಬರು ನೋಡದೆ ಗುರುತಿಸಲಿ. ಭಿನ್ನವಾದ ಬಿಂದುಗಳಿಗೆ ಮಾತ್ರ ಊರಿನ ಹಿರಿಯರನ್ನು ಕೇಳಿ ಅಥವಾ ಜಾಗಕ್ಕೇ ಹೋಗಿ. 500ರಲ್ಲಿ 20 ಬಿಂದು ಕಾನಿನಿಂದ ಬೇರೆಯದಕ್ಕೆ ಹೋಗಿದ್ದರೆ ಶೇ 4, ಅಂತರ ಆಚೀಚೆ 1.7, ಹೆಕ್ಟೇರ್‌ನಲ್ಲಿ 240, ಆಚೀಚೆ ಸುಮಾರು 100. ಇಬ್ಬರಿಗೆ ಒಂದು ವಾರದ ಕೆಲಸ, ಮತ್ತು ಯಾರು ಪ್ರಶ್ನಿಸಿದರೂ ಬಿಂದು ತೆರೆದು ತೋರಿಸಬಹುದು.

ಬಿಂದು ಯಾವ ಸರ್ವೆ ನಂಬರಿನಲ್ಲಿದೆ ಎಂದು ತಿಳಿಯಲು ಸರ್ಕಾರದ ಸರ್ವೆ ನಕ್ಷೆಯ ದಿಶಾಂಕ್ ಆ್ಯಪ್ ಸಾಕು. ಆದರೆ ಅದರ ಗೆರೆ ಜಾಗದ ಮೇಲೆ ಕೆಲವು ಮೀಟರ್ ಸರಿದಿರುತ್ತದೆ, ಒತ್ತುವರಿಯ ವಾದಕ್ಕೆ ಅದನ್ನು ಸಾಕ್ಷಿ ಮಾಡಬೇಡಿ. ದಾಖಲಾತಿಯನ್ನು ಒತ್ತುವರಿ ಪಟ್ಟಿಯಾಗಿಸಿದರೆ ನಾಳೆಯಿಂದ ಯಾರೂ ಕಾಡಿನ ಸುದ್ದಿ ಹೇಳುವುದಿಲ್ಲ.

ರಾಂಪತ್ರೆ

ಇಲ್ಲಿಯವರೆಗಿನ ಎಲ್ಲವೂ ಹೊದಿಕೆಯ ಮಾತು. ಕಾನು ಎಂದು ಗುರುತಾದ ಬಿಂದು ಎರಡೂ ಕಾಲದಲ್ಲಿ ಕಾನೇ ಆಗಿದ್ದು ಒಳಗೆ ಟೊಳ್ಳಾಗಿರಬಹುದು. ಅದನ್ನು ಮೇಲಿನಿಂದ ನೋಡಲು ಬರುವುದಿಲ್ಲ.

ಮರಗಳಿಗೆ, ಉತ್ತರ ಕನ್ನಡದ ಕಾಡುಗಳ ಅಧ್ಯಯನದಲ್ಲಿ ಬಳಕೆಯಾಗಿರುವ ಸರಳ ವಿಧಾನ ಸಾಕು. 180 ಮೀಟರ್ ಉದ್ದದ ಒಂದು ಗೆರೆ; ಅದರ ಎಡಕ್ಕೆ ಬಲಕ್ಕೆ ಪರ್ಯಾಯವಾಗಿ 20 × 20 ಮೀಟರಿನ ಐದು ಚೌಕ, ನಡುವೆ 20 ಮೀಟರ್ ಬಿಡುವು. ಒಂದು ಗೆರೆಗೆ 0.2 ಹೆಕ್ಟೇರ್ ಸಿಗುತ್ತದೆ. ಎದೆಮಟ್ಟದಲ್ಲಿ, ಅಂದರೆ 1.3 ಮೀಟರ್ ಎತ್ತರದಲ್ಲಿ, ಸುತ್ತಳತೆ 30 ಸೆಂ.ಮೀ ಮತ್ತು ಮೇಲಿನ ಪ್ರತಿ ಮರ. ಪ್ರತಿ ಚೌಕದೊಳಗೆ ಎರಡು 5 × 5ರಲ್ಲಿ ಎಳೆಮರ, ಅದರೊಳಗೆ ಎರಡು 1 × 1ರಲ್ಲಿ ಸಸಿ. ಕಾನಿನಲ್ಲಿ ಎಂಟು ಗೆರೆ, ಬೆಟ್ಟದಲ್ಲಿ ಆರು, ಎಲೆಯುದುರು ಕಾಡಿನಲ್ಲಿ ಆರು, ನೆಡುತೋಪಿನಲ್ಲಿ ನಾಲ್ಕು. ಜಾಗ ಆರಿಸುವಾಗ ಮೇಲಿನ ಬಿಂದುಗಳಿಂದಲೇ ಚೀಟಿ ಎತ್ತಿ. ದಾರಿಯ ಪಕ್ಕ ಸುಲಭ ಎಂದು ಹಾಕಿದ ಗೆರೆಗಳೆಲ್ಲ ಅಂಚಿನ ಕಾಡನ್ನೇ ಹೇಳುತ್ತವೆ.

ತಪ್ಪುವುದು ಎಲ್ಲಿ? ಇಳಿಜಾರಿನಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ ಟೇಪು ಹಾಸಿ 20 ಮೀಟರ್ ಅಳೆದರೆ ಅಡ್ಡಮಟ್ಟದಲ್ಲಿ ಅದು 17.3 ಮೀಟರ್. ಟೇಪನ್ನು ಅಡ್ಡಮಟ್ಟದಲ್ಲಿ ಎಳೆದು ತುಂಡುತುಂಡಾಗಿ ಅಳೆಯಿರಿ. ಹಲಗೆಬೇರಿನ ಮರದಲ್ಲಿ ಬೇರಿನ ಮೇಲ್ತುದಿ ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಎಂದು ಬರೆಯಿರಿ. ಇಲ್ಲವಾದರೆ ಮುಂದಿನ ಸಲದವರು ಬೇರೆ ಎತ್ತರದಲ್ಲಿ ಅಳೆದು ಮರ 'ಸಣ್ಣದಾಗಿದೆ' ಎನ್ನುತ್ತಾರೆ. ಬಳ್ಳಿ ಸುತ್ತಿದ್ದರೆ ಟೇಪನ್ನು ಬಳ್ಳಿಯ ಒಳಗೆ ತೂರಿಸಿ. ದಟ್ಟ ಕಾಡಿನಲ್ಲಿ ಫೋನಿನ ಜಿಪಿಎಸ್ 10–15 ಮೀಟರ್ ಸರಿಯುವುದು ಸಾಮಾನ್ಯ, ಆದ್ದರಿಂದ ಚೌಕದ ಮೂಲೆಗೆ ಕಲ್ಲು ನೆಟ್ಟು, ಹತ್ತಿರದ ಎರಡು ದೊಡ್ಡ ಮರಗಳಿಂದ ದೂರ ಮತ್ತು ದಿಕ್ಕು ಬರೆಯಿರಿ.

ಲೆಕ್ಕದಲ್ಲಿ ಜಾತಿಗಳ ಸಂಖ್ಯೆಯನ್ನೇ ಹಿಡಿದು ಕೂರಬೇಡಿ. ಕಾನಿನಲ್ಲಿ ಬೆಳಕು ಬಿದ್ದ ಕೂಡಲೇ ಚಂದಕಲು ಮುಂತಾದ ಬಿಸಿಲು ಜಾತಿಗಳು ಬಂದು ಸೇರುತ್ತವೆ. ಹಳೆಯವು ಇನ್ನೂ ಸತ್ತಿಲ್ಲ, ಹೊಸವು ಬಂದಿವೆ, ಒಟ್ಟು ಜಾತಿ ಏರಿದೆ. ಜಾತಿ ವೈವಿಧ್ಯ ಅಳೆಯುವ ಶ್ಯಾನನ್ ಸೂಚ್ಯಂಕವೂ ಏರುತ್ತದೆ. ಕಾಡು ಕೆಡುತ್ತಿರುವ ಮೊದಲ ಹಂತ ಕಾಗದದಲ್ಲಿ ಸುಧಾರಣೆಯಂತೆ ಕಾಣುವುದು ಹೀಗೆ. ಅದರ ಬದಲು ಮೂರು ಪ್ರಮಾಣ ತೆಗೆಯಿರಿ: ಒಟ್ಟು ಮರಗಳಲ್ಲಿ ನಿತ್ಯಹರಿದ್ವರ್ಣ ಜಾತಿಯ ಮರಗಳ ಪಾಲು, ಪಶ್ಚಿಮಘಟ್ಟಕ್ಕೆ ಸೀಮಿತವಾದ ಜಾತಿಗಳ ಪಾಲು, ಮತ್ತು ಹೆಕ್ಟೇರಿಗೆ ಕಾಂಡದ ಅಡ್ಡಕೊಯ್ತದ ಕ್ಷೇತ್ರ. ಕೊನೆಯದಕ್ಕೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿ, 1.2 ಮೀಟರ್ ಸುತ್ತಳತೆಯ ಮರಕ್ಕೆ 0.115 ಚದರ ಮೀಟರ್. ಎರಡು ಜಾಗದ ಜಾತಿ ಸಂಖ್ಯೆ ಹೋಲಿಸಲೇಬೇಕೆಂದರೆ ಸಮಾನ ಮರಸಂಖ್ಯೆಗೆ ಇಳಿಸಿ ಹೋಲಿಸಿ: 400 ಮರ ಎಣಿಸಿದ ಕಡೆ 150 ಎಣಿಸಿದ ಕಡೆಗಿಂತ ಹೆಚ್ಚು ಜಾತಿ ಸಿಗುವುದರಲ್ಲಿ ವಿಶೇಷವಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಸಸಿಗಳು. ರಾಂಪತ್ರೆ, ಕಾಡುಜಾಯಿಕಾಯಿ, ರಾಳಧೂಪದಂಥ ದೊಡ್ಡ ಬೀಜದ ಮರಗಳ ಬೀಜ ಸಾಗಿಸಲು ಮಂಗಟ್ಟೆ, ದೊಡ್ಡ ಕಾಡುಪಾರಿವಾಳಗಳೇ ಬೇಕು. ಮೇಲೆ ತಾಯಿಮರ ಇದೆ, ಕೆಳಗೆ 5 × 5ರಲ್ಲಿ ಎಳೆಮರ ಇಲ್ಲ ಎಂದರೆ ಕಾರಣ ಮೂರರಲ್ಲಿ ಒಂದು: ಹಣ್ಣು ಪೂರ್ತಿ ಕೊಯ್ಲಾಗುತ್ತಿದೆ, ಸಾಗಿಸುವ ಹಕ್ಕಿ ಇಲ್ಲ, ಅಥವಾ ಸೊಪ್ಪುಸದೆ ಎತ್ತುವುದರಿಂದ, ಬೆಂಕಿಯಿಂದ, ಮೇವಿನಿಂದ ಸಸಿ ಸಾಯುತ್ತಿದೆ. ತಾಯಿಮರದ ಬುಡದಲ್ಲೇ ಸಸಿ ಗುಂಪಾಗಿದ್ದು 30 ಮೀಟರ್ ಆಚೆ ಒಂದೂ ಇಲ್ಲದಿದ್ದರೆ ಹಕ್ಕಿಯ ಕೊರತೆಯನ್ನು ಶಂಕಿಸಿ. ಬುಡದಲ್ಲೂ ಇಲ್ಲದಿದ್ದರೆ ಕೊಯ್ಲು ಅಥವಾ ನೆಲ.

ನಿಮ್ಮ ಭಾಗದಲ್ಲಿ ಜಡ್ಡಿ, ಅಂದರೆ ಜಾಯಿಕಾಯಿ ಜಾತಿಯ ಮರಗಳ ಜೌಗು, ಇದ್ದರೆ ಅದನ್ನು ಚೀಟಿ ಎತ್ತುವುದಕ್ಕೆ ಬಿಡದೆ ಪೂರ್ತಿ ಎಣಿಸಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಗೊತ್ತಾದದ್ದು 2000ದಲ್ಲಿ. ಅಂಥ ಜೌಗು ಕೆಲವೊಮ್ಮೆ ಒಂದು ಹೆಕ್ಟೇರಿಗೂ ಕಡಿಮೆ, ಯಾವ ಅರಣ್ಯ ವರದಿಯ ಕನಿಷ್ಠ ತುಂಡಿಗೂ ಸಿಗದಷ್ಟು ಸಣ್ಣದು. ಮೇಲ್ಗಡೆ ತೋಟಕ್ಕೆ ಹಳ್ಳ ತಿರುಗಿಸಿದರೆ ಒಂದೂ ಮರ ಕಡಿಯದೆ ಜೌಗು ಸಾಯುತ್ತದೆ.

ಬಯಲುಸೀಮೆ

ಎಲ್ಲರೂ ಮರದ ಮೇಲೇ ನಿಂತಿದ್ದೀರಿ. ಹುಲ್ಲುಗಾವಲಿನಲ್ಲಿ ಹೊದಿಕೆ ಏರುವುದೇ ನಾಶ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿ.ಮೀ, ಅದರ ದೊಡ್ಡ ಭಾಗಕ್ಕೆ ನೀಲಗಿರಿ ನೆಟ್ಟಿದ್ದರು. ಅರಣ್ಯ ವರದಿಗೆ ಅದು ಹೊದಿಕೆ. ಕೃಷ್ಣಮೃಗಕ್ಕೂ ಹೆಬ್ಬಕಕ್ಕೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೇಕಾದದ್ದು ಬಯಲು; ಹೆಬ್ಬಕ ಅಲ್ಲಿಂದ ಕಾಣೆಯಾಯಿತು. ನಿಮ್ಮ ಪಂಚಾಯ್ತಿಯ ಬೇಣವನ್ನೂ ಕುದುರೆಮುಖದ ಕಡೆಯ ಶೋಲಾ ಹುಲ್ಲನ್ನೂ 'ಹಾಳುಭೂಮಿ' ಎಂದು ಬರೆದುಬಿಟ್ಟರೆ ನಾಳೆ ಪರ್ಯಾಯ ಅರಣ್ಯೀಕರಣದ ಗುಂಡಿ ಅಲ್ಲೇ ಬೀಳುತ್ತದೆ. ದಾಖಲಾತಿಯಲ್ಲಿ ಬೇಣಕ್ಕೆ ಪ್ರತ್ಯೇಕ ಪುಟ ಕೊಡಿ, ಹುಲ್ಲಿನ ಜಾತಿಗಳನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ತೆನೆ ಇರುವಾಗ ಬರೆಯಿರಿ. ತೆನೆಯಿಲ್ಲದ ಹುಲ್ಲನ್ನು ಗುರುತಿಸುವುದು ಪರಿಣತರಿಗೂ ಕಷ್ಟ.

ತೋಟದಂಚು

ಇಷ್ಟೆಲ್ಲ ಸರಿ, ಆದರೆ ತೋಟ ಎಂದರೆ ಸೊನ್ನೆ ಎಂಬ ಧಾಟಿ ಸರಿಯಲ್ಲ. ಕಾಡುಮರದ ನೆರಳಿನ ಕಾಫಿ ತೋಟದಲ್ಲಿ ಕಾಡಿನ ಹಕ್ಕಿಗಳ ದೊಡ್ಡ ಪಾಲು ಓಡಾಡುತ್ತದೆ. ಕೊಡಗಿನ 1,214 ದೇವರಕಾಡುಗಳು ಒಟ್ಟು ಸೇರಿ ಸುಮಾರು 2,550 ಹೆಕ್ಟೇರ್ ಮಾತ್ರ, ಅವು ಒಂದಕ್ಕೊಂದು ಕೊಂಡಿಯಾಗಿ ಉಳಿದಿರುವುದೇ ನಡುವಿನ ತೋಟದ ಮರಗಳಿಂದ. ಅಡಿಕೆಯಲ್ಲೂ ಸೊಪ್ಪಿನಬೆಟ್ಟ ಅಂಟಿಕೊಂಡಿರುವ ತೋಟ ಮತ್ತು ಗದ್ದೆ ಬಯಲಿನ ಒಂಟಿ ತೋಟ ಬೇರೆ ಬೇರೆ.

ನೋಡಬೇಕಾದ್ದು ತೋಟದೊಳಗೆ ಮರ ಬದಲಾಗುತ್ತಿರುವುದನ್ನು. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಸಿಲ್ವರ್ ಓಕ್, ರಬ್ಬರ್, ನೀಲಗಿರಿ, ಗಾಳಿಮರದಂಥವು ಕಡಿಯಲು ಅನುಮತಿ ಬೇಡದ ಪಟ್ಟಿಯಲ್ಲಿವೆ. ಬೀಟೆ, ಹೊನ್ನೆ, ಹೆಬ್ಬಲಸು ಕಡಿಯಲು ಕಚೇರಿ ಅಲೆಯಬೇಕು. ಬೆಳೆಗಾರ ಏನು ನೆಡುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. ಹಳೆಯ ನೆರಳುಮರ ಸತ್ತ ಜಾಗಕ್ಕೆಲ್ಲ ಸಿಲ್ವರ್ ಓಕ್, ಅದರ ಮೇಲೆ ಮೆಣಸು. ನೆತ್ತಿ ಶೇ 40 ಇದ್ದದ್ದು 40ರಲ್ಲೇ ಇರುತ್ತದೆ, ಹಣ್ಣು ಕೊಡುವ ಮರವೊಂದೂ ಉಳಿಯುವುದಿಲ್ಲ.

ರಾಂಪತ್ರೆ

ಹಕ್ಕಿ ಓಡಾಡುವುದು ಒಪ್ಪಿದೆ. ಗೂಡು? ದೊಡ್ಡ ಮಂಗಟ್ಟೆಗೆ ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುವಷ್ಟು ದೊಡ್ಡ ಪೊಟರೆ ಬೇಕು, ಅಂದರೆ ಹಳೆಯ ದಪ್ಪ ಮರ. ತೋಟದಲ್ಲಿ ಅದು ತಿನ್ನಲು ಬರುತ್ತದೆ, ಮರಿ ಮಾಡುವುದು ಕಾಡಿನಲ್ಲಿ. ಪಟ್ಟಿಯಲ್ಲಿ ಎರಡೂ ಕಡೆ 'ಮಂಗಟ್ಟೆ ಇದೆ' ಎಂದೇ ಬರುತ್ತದೆ. ಆದ್ದರಿಂದ ತೋಟವೋ ಕಾಡೋ, 2 ಮೀಟರ್ ಮೇಲಿನ ಸುತ್ತಳತೆಯ ಮರ ಮತ್ತು ಪೊಟರೆಗಳನ್ನು ಬೇರೆ ಕಾಲಂನಲ್ಲಿ ಎಣಿಸಿ.

ಕೊಡಸಿಗ

ಬಿಂದು ವಿಧಾನವನ್ನೇ ಹಿಡಿಯುತ್ತೇವೆ. ಇನ್ನೆರಡು ಪ್ರಶ್ನೆ. ಹಕ್ಕಿ, ಕಪ್ಪೆಗಳಿಗೆ ಕನಿಷ್ಠ ಎಷ್ಟು ಕೆಲಸ? ಮತ್ತು 20 ವರ್ಷದ ಹಿಂದಿನ ಜೀವಿಗಳ ಅಳತೆ ನಮ್ಮಲ್ಲಿ ಇಲ್ಲ, ಹೋಲಿಕೆ ಯಾವುದರೊಂದಿಗೆ?

ಹೊಳೆಗೇರು

ಹಕ್ಕಿ: ಪ್ರತಿ ವರ್ಗಕ್ಕೆ 10–12 ಬಿಂದು, ಒಂದರಿಂದೊಂದು ಕನಿಷ್ಠ 200 ಮೀಟರ್ ದೂರ. ಸೂರ್ಯೋದಯದಿಂದ ಮೂರು ಗಂಟೆಯೊಳಗೆ, ಬಿಂದುವಿನಲ್ಲಿ 10 ನಿಮಿಷ, 50 ಮೀಟರ್ ಒಳಗಿನವು ಮಾತ್ರ. ಪ್ರತಿ ಬಿಂದುವಿಗೆ ಬೇರೆ ಬೇರೆ ದಿನ ಮೂರು ಸಲವಾದರೂ ಹೋಗಿ. ಒಂದೇ ಸಲ ಹೋದರೆ 'ಇಲ್ಲ' ಮತ್ತು 'ಕಾಣಲಿಲ್ಲ' ಎರಡನ್ನೂ ಬೇರ್ಪಡಿಸಲಾಗದು. ಕಾನಿನಲ್ಲಿ ಹತ್ತರಲ್ಲಿ ಎಂಟು ಹಕ್ಕಿ ಕಿವಿಗೇ ಸಿಗುವುದು, ತೋಟದಲ್ಲಿ ಕಣ್ಣಿಗೆ. ದನಿ ಗೊತ್ತಿಲ್ಲದವರು ಎಣಿಸಿದರೆ ತೋಟ ಗೆಲ್ಲುತ್ತದೆ. ಫೋನಿನಲ್ಲಿ ಹತ್ತೂ ನಿಮಿಷದ ದನಿ ಮುದ್ರಿಸಿಕೊಳ್ಳಿ, ಆಮೇಲೆ ಯಾರಾದರೂ ಪರಿಶೀಲಿಸಬಹುದು. ಹಕ್ಕಿ ದಾಖಲೆಯ ಜಾಲತಾಣ ಈಬರ್ಡ್‌ಗೆ ಹಾಕುವುದಾದರೆ ಪೂರ್ಣ ಪಟ್ಟಿ ಎಂದೇ ಹಾಕಿ, ಆಯ್ದ ಹಕ್ಕಿಗಳ ಪಟ್ಟಿಯಿಂದ ಪ್ರಮಾಣ ತೆಗೆಯಲಾಗದು.

ಕಪ್ಪೆಗೆ ಜೂನ್–ಸೆಪ್ಟೆಂಬರ್, ಸಂಜೆ 7ರಿಂದ 10. ಹಳ್ಳದ ಉದ್ದಕ್ಕೂ 100 ಮೀಟರ್, ಕಾನಿನ ಹಳ್ಳದಲ್ಲಿ ನಾಲ್ಕು, ತೋಟದ ಹಳ್ಳದಲ್ಲಿ ನಾಲ್ಕು. ನೆರಳಿನ ತಂಪು ನೀರು ಬೇಕಾದ ಇರುಳುಗಪ್ಪೆ ಯಾವ ಹಳ್ಳದಲ್ಲಿದೆ, ಎಲ್ಲಿಲ್ಲ ಎಂಬುದೊಂದೇ ಸಾಕಷ್ಟು ಹೇಳುತ್ತದೆ. ಕಾಲು ಬೀಸುವ ಕುಣಿಗಪ್ಪೆ ಹಗಲಿನದು, ಅದಕ್ಕೆ ಬೆಳಗ್ಗೆ ಇನ್ನೊಂದು ಸುತ್ತು. ನೀರಿನ ಉಷ್ಣಾಂಶ, ನೆತ್ತಿಯ ಮುಚ್ಚಿಗೆ, ಮೇಲ್ಗಡೆ ಔಷಧ ಹೊಡೆಯುವ ತೋಟವಿದೆಯೇ ಎಂಬುದನ್ನು ಜೊತೆಗೆ ಬರೆಯಿರಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದೂ ಮಳೆಗಾಲದಲ್ಲೇ, ಅದರ ತಾಮ್ರ ಗೊದಮೊಟ್ಟೆಗಳಿಗೆ ವಿಷ.

ಹಿಂದಿನ ಅಳತೆ ಇಲ್ಲದಿದ್ದರೆ ಕಾಲದ ಬದಲು ಜಾಗವನ್ನು ಹೋಲಿಸಿ: 500 ಬಿಂದುಗಳಲ್ಲಿ ಎರಡೂ ಕಾಲಕ್ಕೆ ಕಾನಾಗಿ ಉಳಿದವು ಒಂದು ಗುಂಪು, ಕಾನಿನಿಂದ ಬೇರೆಯದಾದವು ಇನ್ನೊಂದು. ಎತ್ತರ, ಇಳಿಜಾರು, ಹಳ್ಳದ ದೂರ ಹೊಂದುವ ಜೋಡಿಗಳನ್ನು ಆರಿಸಿ. ದೌರ್ಬಲ್ಯವೂ ತಿಳಿದಿರಲಿ. ಜನ ಸಪಾಟು, ನೀರಿರುವ ಜಾಗವನ್ನೇ ಮೊದಲು ತೋಟ ಮಾಡಿದ್ದಾರೆ. ಉಳಿದ ಕಾನು ಮೊದಲಿನಿಂದಲೂ ಬೇರೆ ಥರದ್ದಾಗಿರಬಹುದು. ಇನ್ನೊಂದು, ತುಂಡಾದ ಕಾಡಿನ ಮರಗಳು ನೂರಾರು ವರ್ಷ ಬದುಕುತ್ತವೆ, ನಷ್ಟ ತಡವಾಗಿ ಕಾಣುತ್ತದೆ. ಇಂದು ಜಾತಿ ಇದೆ ಎಂಬುದರಿಂದ ತುಂಡು ಕ್ಷೇಮ ಎನ್ನಬೇಡಿ, ಸಸಿಯ ಕಾಲಂ ನೋಡಿ.

ನಕ್ಷೆಗಾರ

ಹಿರಿಯರ ನೆನಪನ್ನೂ ದತ್ತಾಂಶ ಮಾಡಬಹುದು. 'ಮೊದಲು ಜಾಸ್ತಿ ಇತ್ತಾ' ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. 'ಉಪ್ಪಾಗೆ (ಕಾಡಿನ ಹುಳಿಹಣ್ಣು) ಕೊಯ್ಯಲು ಯಾವ ಕಾನಿಗೆ ಹೋಗುತ್ತಿದ್ದಿರಿ, ಒಂದು ದಿನಕ್ಕೆ ಎಷ್ಟು ಬುಟ್ಟಿ, ಈಗ ಎಲ್ಲಿಗೆ, ಎಷ್ಟು' ಎಂದು ಕೇಳಿ, ಒಬ್ಬೊಬ್ಬರನ್ನೇ ಬೇರೆಯಾಗಿ. ವರ್ಷದ ಬದಲು ಊರಿನ ಘಟನೆಗೆ ಕಟ್ಟಿ ಕೇಳಿ: ಶಾಲೆ ಕಟ್ಟುವ ಮೊದಲೋ ನಂತರವೋ.

ಕೊನೆಯದು, ಪ್ರಕಟಣೆಗೆ ಮುನ್ನ. ರಾಂಪತ್ರೆ, ಬೀಟೆ, ಪೊಟರೆ, ಜೌಗುಗಳ ನಿಖರ ಸ್ಥಳಾಂಕ ಸಾರ್ವಜನಿಕ ಪ್ರತಿಯಲ್ಲಿ ಬೇಡ, 1 ಕಿ.ಮೀ ಚೌಕಕ್ಕೆ ಮಸುಕಾಗಿಸಿ, ಮೂಲ ಕಡತ ಸಮಿತಿಯ ಬಳಿ ಇರಲಿ. ಬಿಂದುಗಳ ಕಡತದಲ್ಲಿ ಬಿಂದು ಸಂಖ್ಯೆ, ಎರಡೂ ಕಾಲದ ವರ್ಗ, ಯಾರು ಗುರುತಿಸಿದರು, ಯಾವ ದಿನಾಂಕದ ಚಿತ್ರ, ಎಷ್ಟು ಖಚಿತ ಎಂಬ ಐದು ಕಾಲಂ ಕಡ್ಡಾಯ. ಐದು ವರ್ಷ ಬಿಟ್ಟು ಹೊಸ ಸಮಿತಿ ಇದೇ 500 ಬಿಂದುಗಳನ್ನು ತೆರೆಯಬೇಕು, ಹೊಸದಾಗಿ ಎಸೆಯಬಾರದು. ಅದೇ ಬಿಂದುಗಳಾದರೆ ಬದಲಾವಣೆಯ ಅಂದಾಜಿನ ಭರವಸೆಯ ಅಂತರ ಗಣನೀಯವಾಗಿ ಕಿರಿದಾಗುತ್ತದೆ.